ನಿರ್ಧಾರಕ್ಕೂ ಒಂದು ಲೆಕ್ಕದ ಪುಸ್ತಕ ಬೇಕು



2024ರ ಜನವರಿಯಲ್ಲಿ ರೋಬಸ್ಟಾ ಚೆರಿಯ ದರ ಅದುವರೆಗೆ ನಮ್ಮಲ್ಲಿ ಯಾರೂ ಕಂಡಿರದಷ್ಟು ಮೇಲಕ್ಕೆ ಹೋಗಿತ್ತು. ಕೊಯ್ಲು ಇನ್ನೂ ನಡೆಯುತ್ತಿತ್ತು. ಕಣದಲ್ಲಿ ಕಾಫಿ ಒಣಗುತ್ತಿತ್ತು. ಮಾರಬೇಕೋ ಇಟ್ಟುಕೊಳ್ಳಬೇಕೋ ಎಂದು ಕೇಳಿಕೊಂಡು ಸಂಘದ ಕಛೇರಿಗೆ ಬಂದ ಸದಸ್ಯರಿಗೆಲ್ಲ, ಆಡಳಿತ ಮಂಡಳಿಯಲ್ಲಿ ಚರ್ಚಿಸಿದ ಮೇಲೆ, ಅರ್ಧವನ್ನಾದರೂ ಈಗಲೇ ಮಾರುವುದು ಕ್ಷೇಮವೆಂದು ನಾವು ಸಲಹೆ ಕೊಟ್ಟೆವು. ಏಪ್ರಿಲ್ ಹೊತ್ತಿಗೆ 50 ಕಿಲೋ ಚೀಲಕ್ಕೆ ಹತ್ತು ಸಾವಿರ ರೂಪಾಯಿ ದಾಟಿತು. ಆ ವರ್ಷದ ಮಹಾಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, "ಕಾರ್ಯದರ್ಶಿಗಳೇ, ನಿಮ್ಮ ಮಾತು ಕೇಳಿ ನಲವತ್ತು ಚೀಲ ಕೊಟ್ಟೆ. ಆ ನಷ್ಟವನ್ನು ಸಂಘ ಕಟ್ಟಿಕೊಡುತ್ತದೋ, ನೀವು ಕಟ್ಟಿಕೊಡುತ್ತೀರೋ?" ಎಂದು ಕೇಳಿದರು. ಸಭೆಯೆಲ್ಲ ನಕ್ಕಿತು. ನಮಗೆ ನಗು ಬರಲಿಲ್ಲ.

ಉತ್ತರ ಹೇಳೋಣವೆಂದು ನಡವಳಿ ಪುಸ್ತಕ ತರಿಸಿದೆವು. ಅದರಲ್ಲಿದ್ದುದು ಒಂದೇ ಸಾಲು: ಸದಸ್ಯರು ತಮ್ಮ ಬೆಳೆಯ ಅರ್ಧ ಭಾಗವನ್ನು ಈಗ ಮಾರುವುದು ಸೂಕ್ತವೆಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು. ಏಕೆ ಸೂಕ್ತ, ಯಾವ ಲೆಕ್ಕದ ಮೇಲೆ, ದರ ಇನ್ನೂ ಏರಬಹುದೆಂಬ ಮಾತು ಬಂದಿತ್ತೇ, ಯಾರಾದರೂ ಬೇರೆ ಅಭಿಪ್ರಾಯ ಹೇಳಿದ್ದರೇ - ಒಂದಕ್ಷರವೂ ಇಲ್ಲ. ನಮ್ಮ ಸಲಹೆಯೇ ತಪ್ಪಾಗಿತ್ತೋ, ಅಥವಾ ಸರಿಯಾದ ಸಲಹೆಗೆ ಕಾಲ ಕೂಡಿ ಬರಲಿಲ್ಲವೋ ಎಂಬುದನ್ನು ಆ ಸಾಲಿನಿಂದ ತಿಳಿಯುವಂತಿರಲಿಲ್ಲ. ನೆನಪಿನಿಂದ ಹೇಳೋಣವೆಂದರೆ ಮಂಡಳಿಯ ಐವರು ಐದು ಕಾರಣ ಹೇಳಿದರು. ಅವರಲ್ಲಿ ಇಬ್ಬರಂತೂ ತಾವು ಆಗಲೇ ಬೇಡವೆಂದಿದ್ದೆವು ಎಂದರು. ಹಾಗೆ ಅಂದದ್ದು ನಮಗೆ ನೆನಪಿಲ್ಲ. ಅವರು ಸುಳ್ಳು ಹೇಳಿದರೆಂದು ನಾವು ಹೇಳುವುದಿಲ್ಲ. ಫಲ ತಿಳಿದ ಮೇಲೆ ನೆನಪು ತಾನಾಗಿಯೇ ಫಲದ ಕಡೆಗೆ ವಾಲುತ್ತದೆ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಗಾದೆಯಿದೆ. ಆದರೆ ಆ ಬುದ್ಧಿ ಮೊದಲೇ ಇತ್ತೆಂದು ನಂಬಿಬಿಡುವುದು ಅದಕ್ಕಿಂತ ಅಪಾಯ.

ಇದರ ಎದುರಿಗೆ ಇನ್ನೊಂದು ಪ್ರಸಂಗವನ್ನೂ ಹೇಳದಿದ್ದರೆ ಅಪ್ರಾಮಾಣಿಕತೆಯಾದೀತು. 2017ರ ಆರಂಭದಲ್ಲಿ ಕಾಳುಮೆಣಸು ಕಿಲೋಗೆ 600 ರೂಪಾಯಿಯ ಮೇಲಿದ್ದಾಗ ನಾವು ನಮ್ಮ ಸ್ವಂತ ತೋಟದ ದಾಸ್ತಾನನ್ನೆಲ್ಲ ಮಾರಿದೆವು. 2019ರ ಹೊತ್ತಿಗೆ ದರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಕಾರ್ಯದರ್ಶಿಗಳ ದೂರದೃಷ್ಟಿ ದೊಡ್ಡದು ಎಂದು ಊರಿನಲ್ಲಿ ಮಾತಾಯಿತು. ನಾವೂ ಮೀಸೆಯಡಿಯಲ್ಲೇ ನಕ್ಕು ಸುಮ್ಮನಿದ್ದೆವು. ನಿಜವೇನೆಂದರೆ, ಆಗ ಬ್ಯಾಂಕಿನ ಸಾಲದ ಕಂತು ಕಟ್ಟಬೇಕಾಗಿತ್ತು, ಕೈಯಲ್ಲಿ ಬೇರೆ ಹಣವಿರಲಿಲ್ಲ. ಮೆಣಸಿನ ಪೇಟೆಯ ಬಗ್ಗೆ ಐದು ನಿಮಿಷವೂ ಯೋಚಿಸಿರಲಿಲ್ಲ. ಯೋಚಿಸಿ ಕೊಟ್ಟ ಸಲಹೆಗೆ ಬೈಗುಳ, ಯೋಚಿಸದೆ ಮಾಡಿದ ಮಾರಾಟಕ್ಕೆ ಹೊಗಳಿಕೆ! ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸಂಬಂಧ ಕಟ್ಟುವ ಈ ರೂಢಿಯಿಂದ ನಮ್ಮ ಉದ್ಯಮಕ್ಕೆ ಆಗುತ್ತಿರುವ ಹಾನಿ ಸಣ್ಣದಲ್ಲವೆಂಬುದು ನಮ್ಮ ಅಭಿಪ್ರಾಯ.

ನಿರ್ಧಾರದ ಭಾರ ನಮ್ಮ ಹೆಗಲಿಗೆ ಬಂದದ್ದು

ನಮ್ಮ ತಂದೆಯವರ ಕಾಲದ ಕಾಫಿ ಬೆಳೆಗಾರರಿಗೆ ಮಾರುವ ಚಿಂತೆ ಇರಲಿಲ್ಲ. 1942ರ ಕಾಫಿ ಕಾಯಿದೆಯ ಪ್ರಕಾರ ಬೆಳೆದ ಕಾಫಿಯನ್ನು ಮಂಡಳಿಯ ಪೂಲಿಗೆ ಒಪ್ಪಿಸಬೇಕಿತ್ತು. ಮಂಡಳಿ ಮಾರುತ್ತಿತ್ತು, ಹಣ ಕಂತಿನಲ್ಲಿ ಬರುತ್ತಿತ್ತು. ಕಂತು ತಡವಾಯಿತೆಂದು ಗೊಣಗಿದ್ದುಂಟು. ಆದರೆ ಇಂದು ಮಾರಲೋ, ನಾಳೆ ಮಾರಲೋ ಎಂದು ರಾತ್ರಿ ನಿದ್ದೆಗೆಟ್ಟವರಿಲ್ಲ. ನಾವು ಪದವಿ ಮುಗಿಸಿ ತೋಟಕ್ಕೆ ಮರಳಿದ ವರ್ಷಗಳಲ್ಲೇ ಈ ವ್ಯವಸ್ಥೆ ಕಳಚತೊಡಗಿತು. 1992ರಿಂದ ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಪೂಲ್ ಪದ್ಧತಿ ಪೂರ್ತಿ ನಿಂತಿತು. ಸ್ವಾತಂತ್ರ್ಯ ಬಂದಿತೆಂದು ಸಂತೋಷಪಟ್ಟೆವು, ಅದು ಸರಿಯೇ. ಆದರೆ ಅರ್ಧ ಶತಮಾನ ಒಂದು ಸಂಸ್ಥೆ ಹೊತ್ತಿದ್ದ ನಿರ್ಧಾರದ ಭಾರವನ್ನು ಎರಡೆಕರೆಯ ಬೆಳೆಗಾರನ ಹೆಗಲಿಗೆ ಇಳಿಸುವಾಗ, ಅದನ್ನು ಹೊರುವುದು ಹೇಗೆಂದು ಯಾರೂ ಕಲಿಸಲಿಲ್ಲ. ನಾವೂ ಕೇಳಲಿಲ್ಲ.

ಹಾಗಾಗಿ ಕಣ್ಣಿಗೆ ಕಂಡ ಮೊದಲ ಘಟನೆಯನ್ನೇ ಪಾಠವೆಂದು ತಿಳಿದೆವು. 1994ರ ಜೂನ್ ಮತ್ತು ಜುಲೈ ತಿಂಗಳಲ್ಲಿ ಬ್ರೆಜಿಲ್ ದೇಶದ ಕಾಫಿ ಸೀಮೆಗೆ ಎರಡು ಸಲ ಹಿಮ ಬಿತ್ತು. ವರ್ಷದ ಆರಂಭದಲ್ಲಿ ಪೌಂಡಿಗೆ ಒಂದು ಡಾಲರಿಗಿಂತ ಕೆಳಗಿದ್ದ ನ್ಯೂಯಾರ್ಕಿನ ಅರಾಬಿಕ ದರ ಜುಲೈಯಲ್ಲಿ ಎರಡು ಡಾಲರ್ ದಾಟಿತು. ಮುಕ್ತ ಮಾರಾಟದ ಪಾಲನ್ನು ಮಾರದೆ ಇಟ್ಟುಕೊಂಡಿದ್ದವರು ಹೊಸ ಜೀಪು ಕೊಂಡರು. ಇಟ್ಟವನು ಗೆದ್ದ ಎಂಬ ಮಾತು ನಮ್ಮ ಮನಸ್ಸಿನಲ್ಲಿ ಕಲ್ಲಿನ ಮೇಲೆ ಬರೆದಂತೆ ನಿಂತಿತು. ಬ್ರೆಜಿಲಿನಲ್ಲಿ ಹಿಮ ಬೀಳುತ್ತದೆಂದು ಅವರಲ್ಲಿ ಯಾರಿಗೂ ಮೊದಲೇ ಗೊತ್ತಿರಲಿಲ್ಲ ಎಂಬುದನ್ನು ಯಾರೂ ಎಣಿಸಲಿಲ್ಲ.

ಅದೇ ಪಾಠವನ್ನು ನಂಬಿ 1999-2000ರ ಬೆಳೆಯನ್ನು ಇಟ್ಟುಕೊಂಡವರ ಗತಿಯನ್ನು ಸದಸ್ಯರಲ್ಲಿ ಅನೇಕರು ಬಲ್ಲರು. ಹಿಮ ಬರಲಿಲ್ಲ. ವಿಯೆಟ್ನಾಮಿನ ಹೊಸ ತೋಟಗಳ ಕಾಫಿ ಪೇಟೆಗೆ ಬಂತು, ಬ್ರೆಜಿಲ್ ಫಸಲೂ ಹೆಚ್ಚಿತು. 2001ರ ಕೊನೆಗೆ ನ್ಯೂಯಾರ್ಕಿನ ದರ ಪೌಂಡಿಗೆ 50 ಸೆಂಟಿಗಿಂತ ಕೆಳಗಿಳಿಯಿತು. ನಮ್ಮ ಮನೆಯ ಗೋದಾಮಿನಲ್ಲೂ ಆ ವರ್ಷದ ಚೀಲಗಳು ಮುಂದಿನ ಕೊಯ್ಲಿನವರೆಗೆ ಕೂತಿದ್ದವು. ಬಣ್ಣಗೆಟ್ಟ ಕಾಫಿಯನ್ನು ಸಿಕ್ಕ ದರಕ್ಕೆ ಕೊಟ್ಟು, ಹುಡುಗರ ಹಾಸ್ಟೆಲಿನ ಹಣಕ್ಕೆ ಒಡವೆಯನ್ನು ಬ್ಯಾಂಕಿನಲ್ಲಿ ಇಡಬೇಕಾಯಿತು. 1994ರಲ್ಲಿ ಇಟ್ಟುಕೊಂಡದ್ದು ಜಾಣತನವೂ ಅಲ್ಲ, 2000ದಲ್ಲಿ ಇಟ್ಟುಕೊಂಡದ್ದು ದಡ್ಡತನವೂ ಅಲ್ಲ. ಎರಡೂ ಸಲ ನಾವು ಮಾಡಿದ್ದು ಒಂದನ್ನೇ: ಕಾರಣವಿಲ್ಲದೆ ಕಾದದ್ದು.

ಅನುಭವ ಎಲ್ಲಿ ಗುರು, ಎಲ್ಲಿ ಅಲ್ಲ

ಅನುಭವಕ್ಕಿಂತ ದೊಡ್ಡ ಗುರುವಿಲ್ಲ ಎಂದು ಕೆಲವರು ಹೇಳಿಯಾರು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಕಣದ ಕೆಲಸದವರು ಒಂದು ಹಿಡಿ ಚೆರಿಯನ್ನು ಅಲ್ಲಾಡಿಸಿ ಒಣಗಿದೆಯೋ ಇಲ್ಲವೋ ಹೇಳುತ್ತಾರೆ. ಮರಕ್ಕೆ ಏರಿದ ಕೊನೆಗಾರ ಯಾವ ಗೊನೆ ಬಲಿತಿದೆಯೆಂದು ನೋಡಿದೊಡನೆ ತಿಳಿಯುತ್ತಾನೆ. ಅವರ ತೀರ್ಪನ್ನು ನಾವು ಪ್ರಶ್ನಿಸುವುದಿಲ್ಲ. ಏಕೆಂದರೆ ಆ ಕೆಲಸದಲ್ಲಿ ತಪ್ಪು ಮಾಡಿದರೆ ಅದೇ ದಿನ, ಹೆಚ್ಚೆಂದರೆ ಅದೇ ವಾರ ಗೊತ್ತಾಗುತ್ತದೆ. ಒಂದು ಋತುವಿನಲ್ಲಿ ಸಾವಿರ ಸಲ ತಿದ್ದಿಕೊಳ್ಳುವ ಅವಕಾಶವಿರುತ್ತದೆ.

ಮಾರಾಟ, ಸಾಲ, ಹೊಸ ನೆಡುವಿಕೆ ಇಂಥವು ಹಾಗಲ್ಲ. ಫಲ ತಿಳಿಯಲು ವರ್ಷಗಳು ಬೇಕು. ತಿಳಿದಾಗಲೂ ಅದರಲ್ಲಿ ನಮ್ಮ ವಿವೇಚನೆಯ ಪಾಲೆಷ್ಟು, ಮಳೆಯ ಪಾಲೆಷ್ಟು, ಬ್ರೆಜಿಲಿನ ಹಿಮದ ಪಾಲೆಷ್ಟು ಎಂದು ಬೇರ್ಪಡಿಸಲಾಗದು. ಒಬ್ಬ ಬೆಳೆಗಾರ ತನ್ನ ಜೀವಮಾನದಲ್ಲಿ ಅಡಿಕೆ ತೋಟ ಹೊಸದಾಗಿ ಮಾಡುವುದು ಒಂದು ಸಲವೋ ಎರಡು ಸಲವೋ. ಇಲ್ಲಿ ಅನುಭವವೊಂದನ್ನೇ ನಂಬಿದರೆ ಅದು ದಾರಿ ತಪ್ಪಿಸುತ್ತದೆ. ಒಂದು ಮಳೆಗಾಲ ಬೋರ್ಡೋ ದ್ರಾವಣ ಹೊಡೆಯದೆ ಬಿಟ್ಟವನಿಗೆ ಆ ವರ್ಷ ಕೊಳೆರೋಗ ಬಾರದಿರಬಹುದು. ಮೈಲುತುತ್ತದ ಹಣ ಉಳಿಯಿತೆಂದು ಅವನು ಹಿಗ್ಗಬಹುದು. ಹಾಗೆಯೇ ಕಾಲಕ್ಕೆ ಸರಿಯಾಗಿ ಔಷಧಿ ಹೊಡೆದವನ ತೋಟದಲ್ಲೂ ಬಿಡುವಿಲ್ಲದ ಮಳೆಗೆ ಅಡಿಕೆ ಉದುರಬಹುದು. ಮೊದಲನೆಯವನು ಜಾಣ, ಎರಡನೆಯವನು ದಡ್ಡ ಎಂದು ನಾವ್ಯಾರೂ ಹೇಳುವುದಿಲ್ಲ. ಕೊಳೆರೋಗದ ವಿಷಯದಲ್ಲಿರುವ ಈ ವಿವೇಕ ಪೇಟೆಯ ವಿಷಯಕ್ಕೆ ಬಂದಾಗ ಎಲ್ಲಿ ಹೋಗುತ್ತದೆ?

ಪುಸ್ತಕದಲ್ಲಿ ಏನು ಬರೆಯಬೇಕು

ನಮ್ಮಲ್ಲಿ ಬಹುಪಾಲು ಮನೆಗಳಲ್ಲಿ ಮಳೆಯ ಪುಸ್ತಕವಿದೆ. ಬೆಳಿಗ್ಗೆ ಕಾಫಿ ಕುಡಿಯುವ ಮೊದಲೇ ಮಳೆಮಾಪಕ ನೋಡಿ ಇಷ್ಟು ಇಂಚು, ಇಷ್ಟು ಸೆಂಟು ಎಂದು ಬರೆಯುತ್ತೇವೆ. ಅಜ್ಜನ ಕಾಲದ ಹೂಮಳೆ ಯಾವ ತಾರೀಖಿಗೆ ಬಿತ್ತೆಂದು ಇಂದಿಗೂ ಹೇಳಬಲ್ಲೆವು. ನಮ್ಮ ಕೈಯಲ್ಲಿಲ್ಲದ ಮಳೆಗೆ ಇಷ್ಟು ಲೆಕ್ಕವಿಟ್ಟು, ನಮ್ಮ ಕೈಯಲ್ಲೇ ಇರುವ ನಿರ್ಧಾರಕ್ಕೆ ಲೆಕ್ಕವಿಡದಿರುವುದು ವಿಚಿತ್ರವಲ್ಲವೇ?

ಆದ್ದರಿಂದ ಮಳೆಯ ಪುಸ್ತಕದ ಪಕ್ಕದಲ್ಲೇ ಇನ್ನೊಂದು ಪುಸ್ತಕವಿಡಬೇಕೆಂಬುದು ನಮ್ಮ ಸೂಚನೆ. ಎಲ್ಲವನ್ನೂ ಅದರಲ್ಲಿ ಬರೆಯಬೇಕಿಲ್ಲ. ವರ್ಷಕ್ಕೆ ಐದಾರು ದೊಡ್ಡ ನಿರ್ಧಾರಗಳಿದ್ದರೆ ಹೆಚ್ಚು. ಪ್ರತಿಯೊಂದಕ್ಕೂ ಅರ್ಧ ಪುಟ ಸಾಕು. ಆದರೆ ಫಲ ತಿಳಿಯುವ ಮೊದಲೇ ಬರೆಯಬೇಕು, ಆಮೇಲೆ ತಿದ್ದಬಾರದು. ಬರೆಯಬೇಕಾದದ್ದು ಇಷ್ಟು:

ಒಂದು, ತಾರೀಖು, ನಿರ್ಧಾರ, ಅಂದಿನ ದರ.

ಎರಡು, ಕಾರಣ. ಪಕ್ಕದ ತೋಟದವರು ಮಾಡಿದರು ಎಂಬುದೇ ಕಾರಣವಾದರೆ ಅದನ್ನೇ ಬರೆಯಿರಿ. ಬರೆದು ಓದಿದಾಗ ನಾಚಿಕೆಯಾದರೆ ಅದೂ ಒಂದು ಲಾಭ. ಸಾಲದ ಕಂತಿಗಾಗಿ ಮಾರಿದ್ದರೆ ಹಾಗೆಂದೇ ಬರೆಯಿರಿ. ನಾವು 2017ರಲ್ಲಿ ಬರೆದಿಟ್ಟಿದ್ದರೆ ಮೀಸೆಯಡಿ ನಗುವ ಪ್ರಮೇಯ ಬರುತ್ತಿರಲಿಲ್ಲ.

ಮೂರು, ಮುಂದೆ ಏನಾದೀತೆಂಬ ಎಣಿಕೆ. ದರ ಏರುತ್ತದೆ ಎಂದು ಬರೆದರೆ ಪ್ರಯೋಜನವಿಲ್ಲ. ಏರುವ ಸಂಭವ ಹತ್ತರಲ್ಲಿ ಆರೋ, ಏಳೋ, ಒಂಬತ್ತೋ ಎಂದು ಬರೆಯಬೇಕು. ಕೆಲವು ವರ್ಷ ಬರೆದ ಮೇಲೆ ಎಣಿಸಿ ನೋಡಿ: ಹತ್ತರಲ್ಲಿ ಒಂಬತ್ತು ಎಂದದ್ದು ನಿಜವಾಗಿ ಹತ್ತರಲ್ಲಿ ಐದು ಸಲ ಮಾತ್ರ ಆಗಿದ್ದರೆ, ನಮ್ಮ ಭರವಸೆ ನಮ್ಮ ತಿಳಿವಿಗಿಂತ ಹೆಚ್ಚಾಗಿದೆ ಎಂದರ್ಥ. ಇದನ್ನು ಹೇಳಿಕೊಡಲು ಬೇರೆ ಯಾವ ಗುರುವೂ ಇಲ್ಲ.

ನಾಲ್ಕು, ಯಾವುದು ಕಂಡರೆ ಮನಸ್ಸು ಬದಲಿಸುವೆ ಎಂಬುದು. ಇಂಥ ತಿಂಗಳೊಳಗೆ ದರ ಇಷ್ಟಕ್ಕೆ ಇಳಿದರೆ ಉಳಿದದ್ದನ್ನು ಮಾರುತ್ತೇನೆ ಎಂದು ಮೊದಲೇ ಬರೆದಿದ್ದರೆ, ಇಳಿಯುವಾಗ ಇನ್ನೆರಡು ದಿನ ನೋಡೋಣ, ಇನ್ನೆರಡು ದಿನ ನೋಡೋಣ ಎಂದು ಮಳೆಗಾಲದವರೆಗೆ ತಳ್ಳುವುದು ತಪ್ಪುತ್ತದೆ.

ಮನಸ್ಸು ಎರಡಾಗಿರುವಾಗ ಒಂದು ಹಳೆಯ ಉಪಾಯವಿದೆ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1772ರಲ್ಲಿ ತನ್ನ ಗೆಳೆಯ, ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿಗೆ ಬರೆದ ಕಾಗದದಲ್ಲಿ ಅದನ್ನು ವಿವರಿಸಿದ್ದಾನೆ. ಹಾಳೆಯ ನಡುವೆ ಗೆರೆ ಎಳೆದು ಒಂದು ಕಡೆ ಬೇಕೆಂಬ ಕಾರಣಗಳನ್ನು, ಇನ್ನೊಂದು ಕಡೆ ಬೇಡವೆಂಬ ಕಾರಣಗಳನ್ನು ಮೂರು ನಾಲ್ಕು ದಿನ, ಹೊಳೆದಂತೆಲ್ಲ ಬರೆಯುತ್ತಾ ಹೋಗುವುದು. ಆಮೇಲೆ ತೂಕಕ್ಕೆ ತೂಕ ಸರಿಹೋದವನ್ನು ಎರಡೂ ಕಡೆಯಿಂದ ಹೊಡೆದುಹಾಕಿ, ಉಳಿದದ್ದು ಯಾವ ಕಡೆ ಎಂದು ನೋಡುವುದು. ಇದರಲ್ಲಿ ಗೆರೆ ಎಳೆಯುವುದಕ್ಕಿಂತ ಮುಖ್ಯವಾದದ್ದು ಆ ಮೂರು ನಾಲ್ಕು ದಿನ. ವ್ಯಾಪಾರಿಯ ಫೋನು ಕಿವಿಯಲ್ಲಿರುವಾಗ ಬೇಡವೆಂಬ ಕಡೆಯ ಕಾರಣಗಳು ಹೊಳೆಯುವುದಿಲ್ಲ.

ಎರಡನೆಯ ಉಪಾಯ ಇತ್ತೀಚಿನದು. ಗ್ಯಾರಿ ಕ್ಲೈನ್ ಎಂಬ ಮನೋವಿಜ್ಞಾನಿ 2007ರಲ್ಲಿ ಇದರ ಬಗ್ಗೆ ಬರೆದಿದ್ದಾರೆ. ಕೆಲಸ ಶುರುಮಾಡುವ ಮೊದಲೇ ಅದು ಸಂಪೂರ್ಣ ಕೆಟ್ಟುಹೋಗಿದೆ ಎಂದು ಭಾವಿಸಿಕೊಂಡು, ಏಕೆ ಕೆಟ್ಟಿತೆಂದು ಎಲ್ಲರೂ ಬರೆಯುವುದು. ಕೆಡಬಹುದೇ ಎಂದು ಕೇಳಿದರೆ ಮನೆಯವರು ಹಿರಿಯರ ಮುಖ ನೋಡಿ ಸುಮ್ಮನಾಗುತ್ತಾರೆ. ಕೆಟ್ಟಾಗಿದೆ, ಏಕೆ ಹೇಳಿ ಎಂದು ಕೇಳಿದರೆ ಸೊಸೆಯೂ ಮಾತಾಡುತ್ತಾಳೆ, ಕಾಲೇಜಿಗೆ ಹೋಗುವ ಮಗನೂ ಮಾತಾಡುತ್ತಾನೆ. ನಮ್ಮ ಮನೆಯಲ್ಲಿ ಹೊಸ ಬೋರ್‌ವೆಲ್ಲಿನ ವಿಷಯದಲ್ಲಿ ಹೀಗೆ ಕೇಳಿದಾಗ, ವಿದ್ಯುತ್ತು ಎಲ್ಲಿಂದ ಎಳೆಯುತ್ತೀರಿ ಎಂಬ ಪ್ರಶ್ನೆ ಬಂದದ್ದು ಮನೆಯಾಕೆಯಿಂದ. ಅದು ನಮಗೆ ಹೊಳೆದೇ ಇರಲಿಲ್ಲ.

ಮಾರುವುದು ಮತ್ತು ನೆಡುವುದು

ಎಲ್ಲ ನಿರ್ಧಾರಕ್ಕೂ ಒಂದೇ ಪ್ರಮಾಣದ ಯೋಚನೆ ಬೇಕಿಲ್ಲ. ತಪ್ಪಾದರೆ ಮುಂದಿನ ವರ್ಷ ತಿದ್ದಿಕೊಳ್ಳಬಹುದಾದದ್ದು ಯಾವುದು, ತಿದ್ದಲಾಗದ್ದು ಯಾವುದು ಎಂದು ಮೊದಲು ವಿಂಗಡಿಸಬೇಕು.

ಮಾರಾಟ ತಿದ್ದಿಕೊಳ್ಳಬಹುದಾದ ಜಾತಿಗೆ ಸೇರಿದ್ದು. ಅದಕ್ಕೆ ಪ್ರತಿ ವರ್ಷ ಹೊಸದಾಗಿ ತಲೆ ಕೆಡಿಸಿಕೊಳ್ಳುವ ಬದಲು ಒಂದು ನಿಯಮ ಮಾಡಿಕೊಳ್ಳುವುದು ಲೇಸು. ಕೂಲಿ, ಗೊಬ್ಬರ, ಸಾಲದ ಕಂತು, ಮಕ್ಕಳ ಫೀಸು ಇವುಗಳ ಮೊತ್ತವನ್ನು ಕೊಯ್ಲಿಗೆ ಮೊದಲೇ ಕೂಡಿ, ಅಷ್ಟಕ್ಕೆ ಬೇಕಾದ ಚೀಲಗಳನ್ನು ದರ ನೋಡದೆ ಮಾರುವುದು. ಉಳಿದದ್ದನ್ನು ಮೂರು ಪಾಲು ಮಾಡಿ, ಮೊದಲೇ ಗೊತ್ತುಪಡಿಸಿದ ಮೂರು ತಾರೀಖುಗಳಿಗೆ ಮಾರುವುದು. ಹೀಗೆ ಮಾಡಿದವನಿಗೆ ಅತಿ ಎತ್ತರದ ದರ ಎಲ್ಲ ಚೀಲಕ್ಕೂ ಸಿಗುವುದಿಲ್ಲ, ನಿಜ. ಅತಿ ತಗ್ಗಿನ ದರವೂ ಎಲ್ಲ ಚೀಲಕ್ಕೂ ಅಂಟುವುದಿಲ್ಲ.

ನೆಡುವುದು ಹಾಗಲ್ಲ. ಇಲ್ಲಿ ವೆನಿಲಾವನ್ನು ನೆನೆಯದೆ ಗತ್ಯಂತರವಿಲ್ಲ. 2003-04ರಲ್ಲಿ ಹಸಿ ಕೋಡು ಕಿಲೋಗೆ ಮೂರು ಸಾವಿರ ರೂಪಾಯಿ ದಾಟಿದಾಗ ನಮ್ಮ ತೋಟಗಳಲ್ಲಿ ಬಳ್ಳಿಗೆ ರಾತ್ರಿ ಕಾವಲು ಹಾಕಿದ್ದೆವು. ಆ ದರಕ್ಕೆ ಒಂದು ದೊಡ್ಡ ಕಾರಣ, 2000ದ ಏಪ್ರಿಲಿನಲ್ಲಿ ಮಡಗಾಸ್ಕರ್ ದ್ವೀಪಕ್ಕೆ ಅಪ್ಪಳಿಸಿದ ಚಂಡಮಾರುತ. ವೆನಿಲಾ ಬಳ್ಳಿ ಹೂ ಬಿಡಲು ನಮ್ಮಲ್ಲಿ ಸುಮಾರು ಮೂರು ವರ್ಷ ಬೇಕಾದರೆ ಅಲ್ಲಿಯೂ ಅಷ್ಟೇ ಬೇಕು. ಅವರು ಮತ್ತೆ ನೆಟ್ಟ ಬಳ್ಳಿ ಫಲಕ್ಕೆ ಬರುವ ಹೊತ್ತಿಗೆ ನಾವು ನೆಡಲು ಹೊರಟಿದ್ದೆವು. ಕೆಲವೇ ವರ್ಷಗಳಲ್ಲಿ ಹಸಿ ಕೋಡಿನ ದರ ನೂರು ರೂಪಾಯಿಯ ಆಸುಪಾಸಿಗೆ ಕುಸಿಯಿತು. ನಮ್ಮ ಬಳ್ಳಿ ಎಷ್ಟು ಚೆನ್ನಾಗಿದೆಯೆಂದು ನೋಡಿದೆವೇ ಹೊರತು, ಈ ದರ ನೋಡಿ ಇನ್ನೂ ಯಾರು ಯಾರು ನೆಡುತ್ತಿದ್ದಾರೆ ಎಂದು ಕೇಳಲಿಲ್ಲ.

ಈಗ ಅದೇ ಪ್ರಶ್ನೆಯನ್ನು ಅಡಿಕೆಯ ವಿಷಯದಲ್ಲಿ ಕೇಳಬೇಕಾಗಿದೆ. 2022ರಲ್ಲಿ ಕೆಂಪಡಿಕೆ ಕ್ವಿಂಟಾಲಿಗೆ 50 ಸಾವಿರ ದಾಟಿದ್ದನ್ನು ಕಂಡು, ಅಜ್ಜಂದಿರ ಕಾಲದ ಗದ್ದೆಗಳಿಗೆ ಬಯಲುಸೀಮೆಯವರೆಗೂ ಅಡಿಕೆ ಸಸಿ ಇಳಿದಿದೆ. ಅದು ಫಸಲಿಗೆ ಬರಲು ಐದಾರು ವರ್ಷ, ಆಮೇಲೆ ಹಲವು ದಶಕ ನಿಲ್ಲುವ ಮರ. ಇದು ನಮ್ಮ ನಿರ್ಧಾರ ಮಾತ್ರವಲ್ಲ, ಮಕ್ಕಳ ನಿರ್ಧಾರವೂ ಹೌದು. ಹಾಳೆಯ ಬೇಡವೆಂಬ ಕಡೆಯಲ್ಲಿ ಬರೆಯಲು ನಮಗೆ ಇಷ್ಟವಿಲ್ಲದವನ್ನೂ ಬರೆಯಬೇಕು: ಹೆಚ್ಚುತ್ತಿರುವ ವಿಸ್ತೀರ್ಣ, ಎಲೆಚುಕ್ಕೆ ರೋಗ, ಕೊನೆಗಾರರ ಕೊರತೆ, ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿರುವುದು. ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ಇದನ್ನು ಬರೆಯಬಹುದೇ ಎಂದು ಕೆಲವರು ಹುಬ್ಬೇರಿಸಿಯಾರು. ನಮ್ಮ ಪತ್ರಿಕೆ ನಮ್ಮವರಿಗೇ ಹೇಳದಿದ್ದರೆ ಇನ್ಯಾರು ಹೇಳಬೇಕು? ಅಡಿಕೆ ನೆಡಬೇಡಿ ಎಂದು ನಾವು ಹೇಳುತ್ತಿಲ್ಲ. ನಾವೂ ಅಡಿಕೆ ಬೆಳೆಗಾರರೇ. ಎರಡೂ ಕಡೆ ಬರೆದ ಮೇಲೂ ನೆಡಬೇಕೆಂದು ತೋರಿದರೆ ನೆಡಿ. ಬರೆಯದೆ ನೆಡಬೇಡಿ.

ಸಂಘ ಮಾಡಬೇಕಾದದ್ದು

ಸದಸ್ಯರಿಗೆ ಹೇಳಿದ್ದನ್ನು ಸಂಘ ತಾನೂ ಪಾಲಿಸಬೇಕು. ಮುಂದಿನ ಆಡಳಿತ ಮಂಡಳಿಯ ಸಭೆಯಲ್ಲಿ ಮೂರು ವಿಷಯಗಳನ್ನು ಮಂಡಿಸಲಿದ್ದೇವೆ. ಮೊದಲನೆಯದು, ಮಾರಾಟ, ಸಾಲ, ಗೊಬ್ಬರ ಮತ್ತು ಮೈಲುತುತ್ತದ ಖರೀದಿಗೆ ಸಂಬಂಧಪಟ್ಟ ಪ್ರತಿ ನಿರ್ಣಯದ ಜೊತೆ ಅದರ ಕಾರಣವನ್ನೂ ಎಣಿಕೆಯನ್ನೂ ನಡವಳಿ ಪುಸ್ತಕದಲ್ಲಿ ಬರೆಯುವುದು. ಎರಡನೆಯದು, ಭಿನ್ನಾಭಿಪ್ರಾಯವಿದ್ದರೆ ಹೇಳಿದವರ ಹೆಸರಿನೊಡನೆ ದಾಖಲಿಸುವುದು; ಸರ್ವಾನುಮತ ಎಂಬ ಪದವನ್ನು ಅಭ್ಯಾಸಬಲದಿಂದ ಬರೆಯುವುದನ್ನು ಬಿಡುವುದು. ಸಭೆಯಲ್ಲಿ ಅಧ್ಯಕ್ಷರು ಕೊನೆಯಲ್ಲಿ ಮಾತಾಡಿದರೆ ಇದು ಸುಲಭವಾದೀತು. ಮೂರನೆಯದು, ವರ್ಷಕ್ಕೊಮ್ಮೆ ಹಿಂದಿನ ನಿರ್ಣಯಗಳನ್ನು ತೆಗೆದು ಓದುವುದು. ಆಗ ಎಷ್ಟು ಲಾಭವಾಯಿತು ಎಂಬ ಪ್ರಶ್ನೆಗಿಂತ, ಅಂದು ತಿಳಿಯಬಹುದಾಗಿದ್ದದ್ದನ್ನು ತಿಳಿದುಕೊಂಡಿದ್ದೆವೇ ಎಂಬ ಪ್ರಶ್ನೆ ಮೊದಲು ಬರಬೇಕು.

ಆ ಹಿರಿಯ ಸದಸ್ಯರಿಗೆ ಅಂದು ಕೊಡದ ಉತ್ತರವನ್ನು ಇಂದು ಕೊಡುತ್ತೇವೆ. ಸ್ವಾಮಿ, ನಿಮ್ಮ ನಲವತ್ತು ಚೀಲದ ಹಣವನ್ನು ಸಂಘವೂ ಕಟ್ಟಿಕೊಡಲಾರದು, ನಾವೂ ಕಟ್ಟಿಕೊಡಲಾರೆವು. ಅರ್ಧ ಮಾರಿ ಎಂದದ್ದು ಇಂದಿಗೂ ತಪ್ಪೆಂದು ನಮಗೆ ಅನಿಸುತ್ತಿಲ್ಲ. ಉಳಿದ ಅರ್ಧಕ್ಕೆ ನಿಮಗೆ ಒಳ್ಳೆಯ ದರವೇ ಬಂದಿರಬೇಕು. ಆದರೆ ತಪ್ಪಲ್ಲವೆಂದು ತೋರಿಸಲು ನಮ್ಮಲ್ಲಿ ಒಂದು ಸಾಲಿನ ಆಧಾರವೂ ಇರಲಿಲ್ಲವಲ್ಲ, ನಿಮಗೆ ನಾವು ಬಾಕಿ ಇರುವುದು ಅದನ್ನು. ಮುಂದಿನ ಸಲ ಸಲಹೆ ಕೇಳಿ ಕಛೇರಿಗೆ ಬಂದಾಗ ಕಾರಣವನ್ನು ಬರೆದೇ ಕೊಡುತ್ತೇವೆ. ಮಹಾಸಭೆಗೆ ಬರುವಾಗ ಆ ಚೀಟಿಯನ್ನು ಜೊತೆಗೆ ತನ್ನಿ.

- ಕಾರ್ಯದರ್ಶಿ